ಕೋರ್ಟಿನಿಂದ ಒಂದು ಆರ್ಡರ್ ಸಿಕ್ಕಿದರೆ ಸಾಕಿತ್ತು

ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಹಿಡಿದು, ಅವರು ಮದ್ದಿಗೂ ಒಪ್ಪದೆ ಆಸ್ಪತ್ರೆಗೂ ಬಾರದೆ ಇದ್ದರೆ, ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೊರಡುವ ಮಾತು ಒಂದೇ: "ಕೋರ್ಟಿನಿಂದ ಒಂದು ಆರ್ಡರ್ ಸಿಕ್ಕಿದರೆ ಸಾಕಿತ್ತು." ಅಷ್ಟರೊಳಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಆಗಿರುತ್ತದೆ, ದೈವದ ನುಡಿ ಕೇಳಿ ಆಗಿರುತ್ತದೆ, ಮಂಗಳೂರಿನಿಂದ ತಂದ ಗುಳಿಗೆಯನ್ನು ಪುಡಿಮಾಡಿ ಗಂಜಿಗೆ ಬೆರೆಸಿ ಕೊಟ್ಟು ಸಿಕ್ಕಿಬಿದ್ದದ್ದೂ ಆಗಿರುತ್ತದೆ. ಆಮೇಲೆ ಆ ಮನುಷ್ಯ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಉಳಿದದ್ದು ಕೋರ್ಟು. ಜಡ್ಜರು ಒಂದು ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಪೊಲೀಸರು ಬಂದು ಕರೆದುಕೊಂಡು ಹೋಗುತ್ತಾರೆ, ಡಾಕ್ಟರರು ಗುಣ ಮಾಡಿ ಕಳಿಸುತ್ತಾರೆ ಎಂಬ ನಂಬಿಕೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಹೆಚ್ಚು ಕಡಿಮೆ ಹೀಗೇ ಇತ್ತು. ಗಂಡನೋ ಹೆಂಡತಿಯೋ ಹತ್ತಿರದ ಸಂಬಂಧಿಕರೋ ಇಬ್ಬರು ವೈದ್ಯರ ಸರ್ಟಿಫಿಕೇಟು ಇಟ್ಟು (ಅವರಲ್ಲಿ ಒಬ್ಬರು ಸರ್ಕಾರಿ ಸೇವೆಯವರಾಗಿರಬೇಕು) ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುತ್ತಿದ್ದರು, ಮ್ಯಾಜಿಸ್ಟ್ರೇಟರು ಆಸ್ಪತ್ರೆಗೆ ಸೇರಿಸಿಕೊಳ್ಳುವ ಆದೇಶ ಬರೆಯುತ್ತಿದ್ದರು. ಆ ಕಾಯ್ದೆ ಈಗ ಇಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಅದರಲ್ಲಿ ಮ್ಯಾಜಿಸ್ಟ್ರೇಟರ ಪಾತ್ರವನ್ನು ಬೇಕೆಂದೇ ಸಣ್ಣದು ಮಾಡಲಾಗಿದೆ. ಊರಿನ ನೆನಪು ಮಾತ್ರ ಹಳೆಯ ಕಾಯ್ದೆಯದ್ದೇ. ಕೆಲವು ವಕೀಲರ ನೆನಪೂ ಹಾಗೆಯೇ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕೋರ್ಟಿನ ದಾರಿ ಹಿಡಿದು ಎರಡು ಮೂರು ತಿಂಗಳು ಕಳೆದವರಲ್ಲಿ ಹೆಚ್ಚಿನವರಿಗೆ ಕೋರ್ಟು ಬೇಕೇ ಇರಲಿಲ್ಲ. ನಿಜಕ್ಕೂ ಕೋರ್ಟು ಬೇಕಾದವರು, ಅಂದರೆ ಹಿಂಬದಿಯ ಕೋಣೆಯಲ್ಲಿ ಚಿಲಕ ಹಾಕಿಸಿಕೊಂಡು ಬಿದ್ದಿರುವವರು, ಅವರ ಹೆಸರಿನಲ್ಲಿ ಅರ್ಜಿ ಕೊಡುವವರು ಯಾರೂ ಇರುವುದಿಲ್ಲ.

ಮನೆಯವರ ಸಹಿಗೆ ಇರುವ ಬೆಲೆ

ಹೊಸ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಪ್ರತಿಯೊಬ್ಬರಿಗೂ ಒಬ್ಬ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವರ ಪರವಾಗಿ ಸಹಿ ಹಾಕುವವರು, ಇರಬಹುದು. ಕಾಯಿಲೆಯವರು ಯಾರನ್ನೂ ಹೆಸರಿಸದಿದ್ದರೆ ಆ ಸ್ಥಾನ ಮೊದಲು ಸಂಬಂಧಿಕರಿಗೆ, ಆಮೇಲೆ ನೋಡಿಕೊಳ್ಳುವವರಿಗೆ, ಅವರೂ ಇಲ್ಲದಿದ್ದರೆ ರಿವ್ಯೂ ಬೋರ್ಡ್ (ಇಂಥ ದಾಖಲಾತಿಗಳನ್ನು ಪರಿಶೀಲಿಸಲು ಕಾಯ್ದೆಯಲ್ಲಿಯೇ ಹೇಳಿರುವ ಮಂಡಳಿ) ನೇಮಿಸಿದವರಿಗೆ ಹೋಗುತ್ತದೆ. ಈ ಪ್ರತಿನಿಧಿ 89ನೇ ಸೆಕ್ಷನ್ ಪ್ರಕಾರ ನೇರವಾಗಿ ಆಸ್ಪತ್ರೆಗೆ ಅರ್ಜಿ ಕೊಡಬಹುದು. ದಾಖಲು ಮಾಡುವ ದಿನ ಅಥವಾ ಅದಕ್ಕೆ ಮುಂಚಿನ 7 ದಿನಗಳಲ್ಲಿ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ನೋಡಿರಬೇಕು. ಕಾಯಿಲೆ ತೀವ್ರವಾಗಿದೆ, ಆ ವ್ಯಕ್ತಿ ಇತ್ತೀಚೆಗೆ ತನ್ನ ಜೀವಕ್ಕೆ ಅಪಾಯ ಮಾಡಿಕೊಂಡಿದ್ದಾರೆ ಅಥವಾ ಬೆದರಿಸಿದ್ದಾರೆ, ಇಲ್ಲವೇ ಬೇರೆಯವರ ಮೇಲೆ ಕೈ ಮಾಡಿದ್ದಾರೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯದಲ್ಲಿದ್ದಾರೆ ಎಂದು ಇಬ್ಬರಿಗೂ ಅನ್ನಿಸಬೇಕು. ಚಿಕಿತ್ಸೆಯ ನಿರ್ಧಾರವನ್ನು ತಾನೇ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಅವರಿಲ್ಲ ಎಂಬುದೂ ಖಚಿತವಾಗಬೇಕು. ಆಗ 30 ದಿನಗಳವರೆಗೆ ದಾಖಲು ಮಾಡಿಕೊಳ್ಳಬಹುದು. ಆಸ್ಪತ್ರೆಯವರು ಗಂಡಸರಾದರೆ 7 ದಿನಗಳೊಳಗೆ, ಹೆಂಗಸರು ಮತ್ತು ಮಕ್ಕಳಾದರೆ 3 ದಿನಗಳೊಳಗೆ ರಿವ್ಯೂ ಬೋರ್ಡಿಗೆ ತಿಳಿಸಬೇಕು. ಸಮ್ಮತಿ ಕೊಡುವ ಶಕ್ತಿ ಮರಳಿ ಬಂದಿದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. 30 ದಿನ ಮೀರಿದರೆ 90ನೇ ಸೆಕ್ಷನ್. ಅದಕ್ಕೆ ಇಬ್ಬರು ಮನೋವೈದ್ಯರ ಅಭಿಪ್ರಾಯವೂ ಬೋರ್ಡಿನ ಅನುಮತಿಯೂ ಬೇಕು.

ಈ ದಾರಿಯಲ್ಲಿ ಕೋರ್ಟು ಎಲ್ಲಿಯೂ ಬರುವುದಿಲ್ಲ. ಕೋರ್ಟಿಗೆ ಹೋದರೂ ಮ್ಯಾಜಿಸ್ಟ್ರೇಟರು ಹೆಚ್ಚೆಂದರೆ 10 ದಿನಗಳ ದಾಖಲಾತಿಗೆ ಅನುಮತಿ ಕೊಡಬಹುದು. ಅಣ್ಣನೋ ತಂಗಿಯೋ ಹಾಕುವ ಸಹಿಗೆ 30 ದಿನಗಳ ಬಲ ಇದೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ಮೊದಲ ದಿನವೇ ಯಾರಾದರೂ ಹೇಳಿರಬೇಕಿತ್ತು.

"ಆಸ್ಪತ್ರೆಗೆ ಬಂದರೆ ತಾನೇ ಡಾಕ್ಟರರು ನೋಡುವುದು, ಮನೆಯಿಂದ ಎಬ್ಬಿಸುವುದು ಹೇಗೆ?" ಎಂಬುದು ನಿಜವಾದ ಪ್ರಶ್ನೆ. ಕೋರ್ಟಿನ ಆಸೆ ಹುಟ್ಟುವುದೇ ಇಲ್ಲಿ. ಇದಕ್ಕೂ ಕಾಯ್ದೆಯಲ್ಲಿ ಒಂದು ದಾರಿ ಇದೆ, 94ನೇ ಸೆಕ್ಷನ್. ಜೀವಕ್ಕೆ ಅಪಾಯ, ತನಗೋ ಬೇರೆಯವರಿಗೋ ಗಂಭೀರ ಹಾನಿ, ಅಥವಾ ಕಾಯಿಲೆಯಿಂದಾಗಿಯೇ ಆಸ್ತಿಪಾಸ್ತಿಗೆ ದೊಡ್ಡ ನಷ್ಟ ಆಗುವಂತಿದ್ದರೆ, ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಪ್ರತಿನಿಧಿ ಸಿಗುವಂತಿದ್ದರೆ ಅವರ ಸಮ್ಮತಿ ಪಡೆಯಬೇಕು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಈ ಚಿಕಿತ್ಸೆಯ ಲೆಕ್ಕಕ್ಕೇ ಸೇರುತ್ತದೆ. ಮನೋವೈದ್ಯರೇ ಆಗಬೇಕೆಂದಿಲ್ಲ; ಕುಂಬಳೆಯ, ಬದಿಯಡ್ಕದ ಸರ್ಕಾರಿ ಆರೋಗ್ಯ ಕೇಂದ್ರದ ಡಾಕ್ಟರರೂ ಆಗಬಹುದು. ಪೇಟೆಯ ಖಾಸಗಿ ಡಾಕ್ಟರರೂ ಆಗಬಹುದು. ಆದರೆ ಅವರು ಒಪ್ಪುವುದು ಕಡಿಮೆ. ನಾಳೆ ಕೇಸು ಬಂದೀತು ಎಂಬ ಹೆದರಿಕೆ ಅವರಿಗೆ. ಅಂಥ ಹೊತ್ತಿನಲ್ಲಿ ಪ್ರತಿನಿಧಿ ಬರೆದುಕೊಟ್ಟ ಒಂದು ಸಮ್ಮತಿ ಪತ್ರ, ಹಳೆಯ ಒಪಿ ಚೀಟಿ, 94ನೇ ಸೆಕ್ಷನ್ನಿನ ಒಂದು ಪ್ರತಿ ಕೈಯಲ್ಲಿದ್ದರೆ ಮಾತು ಬೇರೆಯಾಗುತ್ತದೆ. ವಿದ್ಯುತ್ ಶಾಕ್ ಚಿಕಿತ್ಸೆಯನ್ನು ತುರ್ತಿನ ಹೆಸರಿನಲ್ಲಿ ಕೊಡುವಂತಿಲ್ಲ ಎಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಮನೆಯವರಲ್ಲಿ ಅರ್ಧ ಜನ ಹಿಂಜರಿಯುವುದು ಅದಕ್ಕೇ ಆದ್ದರಿಂದ ಈ ಮಾತನ್ನೂ ಹೇಳಬೇಕಾಯಿತು.

ಮನೆಯವರ ಮಾತು ಕೇಳದವರು ಮನೆಯವರಲ್ಲದ ಒಬ್ಬರ ಮಾತು ಕೇಳುವುದುಂಟು. ಕೇರಳದ ಪಂಚಾಯತುಗಳಲ್ಲಿ ಪಾಲಿಯೇಟಿವ್ ನರ್ಸ್ ಮನೆಮನೆಗೆ ಬರುತ್ತಾರೆ, ಅಜ್ಜಿಯ ಹುಣ್ಣಿಗೆ ಬ್ಯಾಂಡೇಜು ಕಟ್ಟುವವರೇ ಅವರು. ಆಶಾ ಕಾರ್ಯಕರ್ತೆಯರಿದ್ದಾರೆ. ಬಿಪಿ ನೋಡುವ ನೆವದಲ್ಲಿ ಅವರು ಎರಡು ಸಲ ಬಂದು ಜಗಲಿಯಲ್ಲಿ ಕೂತು ಹೋದರೆ ಮೂರನೇ ಸಲಕ್ಕೆ ಕಾರು ಹತ್ತುವವರಿದ್ದಾರೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಇವೆಲ್ಲ ನಿಧಾನದ ಕೆಲಸ, ಆದರೂ ಕೋರ್ಟಿನಷ್ಟು ನಿಧಾನವಲ್ಲ.

ಕೋರ್ಟು ಯಾರಿಗೆ

ಹಾಗಾದರೆ ಮ್ಯಾಜಿಸ್ಟ್ರೇಟರು ಇರುವುದು ಯಾತಕ್ಕೆ? 101ನೇ ಸೆಕ್ಷನ್ ಓದಿದರೆ ಗೊತ್ತಾಗುತ್ತದೆ: ನೋಡಿಕೊಳ್ಳಬೇಕಾದವರೇ ಹಿಂಸೆ ಕೊಡುತ್ತಿರುವಾಗ, ಅಥವಾ ಗಮನಿಸದೆ ಬಿಟ್ಟಿರುವಾಗ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ ಅತ್ತಿಗೆ, ಕಾಲಿಗೆ ಸರಪಳಿ ಬಿದ್ದ ಚಿಕ್ಕಪ್ಪ, ತಾಯಿ ತೀರಿಕೊಂಡ ಮೇಲೆ ಕಂಗಿನ ತೋಟದ ಮನೆಯಲ್ಲಿ ಒಬ್ಬಂಟಿಯಾಗಿ ಉಳಿದ ಐವತ್ತರ ಮಗ. (ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ. "ಅವನ ಒಳ್ಳೆಯದಕ್ಕೇ" ಎಂಬ ವಿನಾಯಿತಿ ಅದರಲ್ಲಿಲ್ಲ.)

ಇಂಥದ್ದು ಕಂಡವರು ಯಾರೇ ಆಗಲಿ ಪೊಲೀಸ್ ಠಾಣೆಯ ಮುಖ್ಯಾಧಿಕಾರಿಗೆ (ಎಸ್‌ಎಚ್‌ಒ) ತಿಳಿಸಬೇಕು. ನೆರೆಯವರಿರಲಿ, ವಾರ್ಡ್ ಮೆಂಬರ್ ಇರಲಿ, ಶಾಲೆಯ ಮಾಷ್ಟ್ರು ಇರಲಿ, ಸಂಬಂಧ ಇರಬೇಕೆಂದಿಲ್ಲ. ಎಸ್‌ಎಚ್‌ಒ ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಮ್ಯಾಜಿಸ್ಟ್ರೇಟ್ ಎಂದರೆ ಇಲ್ಲಿ ಚೀಫ್ ಜುಡೀಷಿಯಲ್ ಮ್ಯಾಜಿಸ್ಟ್ರೇಟ್ ಅಥವಾ ಸರ್ಕಾರ ಅಧಿಕಾರ ಕೊಟ್ಟ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಠಾಣೆಯವರು ಸುಮ್ಮನಿದ್ದರೆ ಮುಗಿಯಿತೇ ಎಂದರೆ ಇಲ್ಲ. ಪೊಲೀಸ್ ವರದಿಯಿಂದ ಮಾತ್ರವಲ್ಲ, ಬೇರೆ ರೀತಿಯಲ್ಲಿ ತಿಳಿದರೂ ಮ್ಯಾಜಿಸ್ಟ್ರೇಟರು ಆ ವ್ಯಕ್ತಿಯನ್ನು ತನ್ನ ಮುಂದೆ ಹಾಜರುಪಡಿಸಲು ಹೇಳಬಹುದು. ನೇರ ಅರ್ಜಿ ನಿಲ್ಲುವುದು ಈ ಆಧಾರದ ಮೇಲೆ. ಅದಕ್ಕೇ ಠಾಣೆಗೆ ಕೊಟ್ಟ ದೂರಿನ ರಸೀದಿ ಬೇಕು. ಮೊದಲು ಅಲ್ಲಿಗೆ ಹೋಗಿದ್ದೆವು, ಏನೂ ಆಗಲಿಲ್ಲ ಎಂದು ತೋರಿಸಲು ಅದೇ ಸಾಕ್ಷಿ. ಬೀದಿಯಲ್ಲಿ ಅಲೆಯುವವರ ವಿಷಯ ಬೇರೆ. ಅವರನ್ನು 100ನೇ ಸೆಕ್ಷನ್ ಪ್ರಕಾರ ಪೊಲೀಸರೇ ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಹಾಜರಾದ ಮೇಲೆ 102ನೇ ಸೆಕ್ಷನ್. ಮ್ಯಾಜಿಸ್ಟ್ರೇಟರ ಮುಂದೆ ಎರಡು ದಾರಿ. ಒಂದು, ತಪಾಸಣೆಗೆ, ಬೇಕಾದರೆ ಚಿಕಿತ್ಸೆಗೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳಿಸುವುದು. ಎರಡು, 10 ದಿನ ಮೀರದಂತೆ ದಾಖಲಾತಿಗೆ ಅನುಮತಿ ಕೊಡುವುದು. ಇದರಲ್ಲಿ ಸರ್ಕಾರಿಯೇ ಆಗಬೇಕೆಂಬ ಮಾತಿಲ್ಲ. ಅರ್ಜಿಯ ಕೊನೆಯ ಕೋರಿಕೆಯಲ್ಲಿ ಎರಡನ್ನೂ ಕೇಳಿರಬೇಕು. "ಗುಣವಾಗುವವರೆಗೆ ಇಟ್ಟುಕೊಳ್ಳಲು ಆದೇಶಿಸಬೇಕು" ಎಂದು ಬರೆದ ಅರ್ಜಿ ಇಲ್ಲದ ಅಧಿಕಾರವನ್ನು ಕೇಳುತ್ತದೆ. ಅದು ವಾಪಸು ಬರುವುದು ಅಲ್ಲಿಗೇ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿಗಳು ಸೋಲುವುದು ಕಾನೂನಿನಿಂದಲ್ಲ, ವಾಕ್ಯಗಳಿಂದ. "ಸದ್ರಿ ವ್ಯಕ್ತಿಯು ಮಾನಸಿಕ ಅಸ್ವಸ್ಥನಾಗಿದ್ದು ಮನೆಯವರಿಗೂ ನೆರೆಯವರಿಗೂ ತೊಂದರೆ ಕೊಡುತ್ತಿದ್ದಾನೆ" ಎಂಬ ವಾಕ್ಯ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಅದನ್ನು ಓದಿದ ಮ್ಯಾಜಿಸ್ಟ್ರೇಟರಿಗೆ ಏನೂ ಕಾಣುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: "ಓಣಂ ರಜೆಯ ನಂತರ ಅವರು ಸ್ನಾನ ಮಾಡಿಲ್ಲ. ಅನ್ನದಲ್ಲಿ ವಿಷ ಇದೆ ಎಂದು ಹೇಳಿ ಎಳನೀರು ಮಾತ್ರ ಕುಡಿಯುತ್ತಾರೆ. ತುಂಬಾ ತೆಳ್ಳಗಾಗಿದ್ದಾರೆ. ಸಕ್ಕರೆ ಕಾಯಿಲೆಯ ಮದ್ದನ್ನೂ ನಿಲ್ಲಿಸಿದ್ದಾರೆ. ಕಳೆದ ಸೋಮವಾರ ರಾತ್ರಿ ಬಾವಿಯ ಕಟ್ಟೆ ಹತ್ತಿ ಕೂತಿದ್ದರು, ಪಕ್ಕದ ಮನೆಯವರು ಇಳಿಸಿದರು." ಇದರಲ್ಲಿ ಕಾಯಿಲೆಯ ಹೆಸರೇ ಇಲ್ಲ. ಆದರೂ ತನ್ನನ್ನು ನೋಡಿಕೊಳ್ಳಲಾಗದ ಸ್ಥಿತಿ, ಜೀವಕ್ಕೆ ಅಪಾಯ, ಯಾವಾಗಿನಿಂದ, ಯಾರು ಕಂಡದ್ದು ಎಲ್ಲವೂ ಇದೆ. ರೋಗದ ಹೆಸರು ಹೇಳುವ ಕೆಲಸ ಡಾಕ್ಟರರದ್ದು.

ಜೊತೆಗೆ ಇಡಬೇಕಾದದ್ದು: ಹಿಂದೆ ಎಲ್ಲಾದರೂ ತೋರಿಸಿದ್ದರೆ ಡಿಸ್ಚಾರ್ಜ್ ಸಮ್ಮರಿ, ಮದ್ದಿನ ಚೀಟಿ (ಗುಳಿಗೆಯ ಖಾಲಿ ಪಟ್ಟಿಯಾದರೂ ಸರಿ), ಆಧಾರ್ ಮತ್ತು ರೇಷನ್ ಕಾರ್ಡಿನ ಪ್ರತಿ, ಕಣ್ಣಾರೆ ಕಂಡ ಇಬ್ಬರ ಹೇಳಿಕೆ. ಮನೆಯಲ್ಲಿ ಯಾರಿದ್ದಾರೆ, ಯಾರು ಹೊರಗೆ ದುಡಿಯುತ್ತಾರೆ ಎಂಬುದನ್ನೂ ಬರೆಯಬೇಕು. ಪಾಲಿನ ವ್ಯಾಜ್ಯ ನಡೆಯುತ್ತಿದ್ದರೆ ಅದನ್ನು ಮುಚ್ಚಿಡಬಾರದು. ತಮ್ಮನನ್ನು ಹುಚ್ಚನೆಂದು ಮಾಡಿ ಜಾಗ ಹೊಡೆಯುವ ಕಥೆಗಳನ್ನು ಕೋರ್ಟು ಬೇಕಾದಷ್ಟು ಕಂಡಿದೆ. ಎದುರಿನವರ ಬಾಯಿಂದ ಅದು ಹೊರಬಿದ್ದ ದಿನ ಅರ್ಜಿಯ ಬಾಕಿ ಸತ್ಯವೂ ಹೋಗುತ್ತದೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಅದು ಡಾಕ್ಟರರಿಗೆ ತೋರಿಸಲು ಮಾತ್ರ. ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದು ಕಾಯಿಲೆಯವರ ಕಣ್ಣಿಗೆ ಬೀಳದೆ ಇರುವುದಿಲ್ಲ, ಆಮೇಲೆ ಅವರನ್ನು ಮಾತಿನಿಂದ ಒಲಿಸುವ ಆಸೆ ಬಿಡಬೇಕು.

ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಅಂಗವಿಕಲರಿಗೆ, ಮನೋರೋಗ ಆಸ್ಪತ್ರೆಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಈ ಹಕ್ಕು ಇದೆ ಎಂದು ಕಾಯಿಲೆಯವರಿಗೆ ತಿಳಿಸುವ ಹೊಣೆಯನ್ನು 27ನೇ ಸೆಕ್ಷನ್ ಮ್ಯಾಜಿಸ್ಟ್ರೇಟರ ಮೇಲೆಯೂ ಪೊಲೀಸರ ಮೇಲೆಯೂ ಹಾಕಿದೆ. ಅರ್ಜಿ ಕೊಟ್ಟವರಿಗೆ ವಕೀಲರಿದ್ದು, ಯಾರ ಬಗ್ಗೆ ಅರ್ಜಿಯೋ ಅವರಿಗೆ ಇಲ್ಲದಿರುವುದು ನ್ಯಾಯವೂ ಅಲ್ಲ.

ಮಧ್ಯೆ ಒಂದು ಮಾತು. ಚಿಕಿತ್ಸೆಗೆಂದು ಬಂದ ಅರ್ಜಿಯಲ್ಲಿ ಬ್ಯಾಂಕಿನ ಹಣ ತೆಗೆಯುವ ಅನುಮತಿಯನ್ನೂ ಕೇಳುವವರಿದ್ದಾರೆ. ಅದು ಬೇರೆಯೇ ಹಾದಿ. 2017ರ ಕಾಯ್ದೆಯಲ್ಲಿ ಆಸ್ತಿಯ ಗಾರ್ಡಿಯನ್ ವಿಚಾರವೇ ಇಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರು ಅಸ್ವಸ್ಥಚಿತ್ತರು ಎಂದಾಗುವುದಿಲ್ಲ ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯಗಳಿಗೆ ಮಾತ್ರ. 2019ರಲ್ಲಿ ಕೇರಳ ಹೈಕೋರ್ಟು ಗಾರ್ಡಿಯನ್ ನೇಮಕಕ್ಕೆ ಕೊಟ್ಟ ಮಾರ್ಗಸೂಚಿ ಕೋಮಾದಲ್ಲಿರುವವರ ಬಗ್ಗೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಸಂಶಯ ಹುಟ್ಟುವುದು ಸಹಜ.

ತಲಪಾಡಿಯ ಈಚೆ, ಆಚೆ

ತಲಪಾಡಿ ಎಂದರೆ ಕೇರಳ-ಕರ್ನಾಟಕದ ಗಡಿ. ಈ ಗಡಿನಾಡಿನ ತೊಡಕು ಇನ್ನೊಂದಿದೆ. ಮಂಜೇಶ್ವರ, ಪೈವಳಿಕೆ, ವರ್ಕಾಡಿಯವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದಲೂ ಅದು 50 ಕಿ.ಮೀ. ಆಸುಪಾಸು. ಕೇರಳ ಸರ್ಕಾರದ ಮೂರು ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಹತ್ತಿರದ್ದು ಕೋಝಿಕ್ಕೋಡಿನ ಕುದಿರವಟ್ಟಂ, ಸುಮಾರು 180 ಕಿ.ಮೀ.; ಉಳಿದೆರಡು ತೃಶ್ಶೂರು, ತಿರುವನಂತಪುರ. ಕಾಸರಗೋಡಿನ ಮ್ಯಾಜಿಸ್ಟ್ರೇಟರು ಬರೆಯುವ ಆದೇಶ ಸಹಜವಾಗಿ ತೆಂಕಕ್ಕೇ ಮುಖ ಮಾಡುತ್ತದೆ. ಕರ್ನಾಟಕದ ಆಸ್ಪತ್ರೆಯ ಮೇಲ್ವಿಚಾರಣೆ ಕರ್ನಾಟಕದ ಮಾನಸಿಕ ಆರೋಗ್ಯ ಪ್ರಾಧಿಕಾರದ್ದು, ಬೆಂಗಾವಲು ಹೋಗಬೇಕಾದ ಪೊಲೀಸರು ಕೇರಳದವರು, ವರದಿ ಬರಬೇಕಾದದ್ದು ಕಾಸರಗೋಡಿನ ಕೋರ್ಟಿಗೆ. ಇಷ್ಟನ್ನೂ ಹೊಂದಿಸಲು ಹೊರಡುವ ಅಧಿಕಾರಿಗಳು ಅಪರೂಪ.

ಸಂಬಂಧಿಕರು 89ರಲ್ಲಿ ಕೊಡುವ ಅರ್ಜಿಗೆ ಈ ಗಡಿ ಇಲ್ಲ. ಮಂಗಳೂರಿನ ನೋಂದಾಯಿತ ಸಂಸ್ಥೆಯಲ್ಲಿ ಅಕ್ಕ ಸಹಿ ಹಾಕಿದರೆ ಅದು ಅಲ್ಲಿಯ ಕಾನೂನುಬದ್ಧ ದಾಖಲಾತಿ, ಮನೆ ಎಣ್ಮಕಜೆಯಲ್ಲಿದ್ದರೇನು, ವಿಟ್ಲದಲ್ಲಿದ್ದರೇನು. ಆಕ್ಷೇಪವಿದ್ದರೆ ಹೋಗಬೇಕಾದದ್ದು ಆ ಸಂಸ್ಥೆಯ ಮೇಲೆ ಅಧಿಕಾರ ಇರುವ ಬೋರ್ಡಿಗೆ, ಅಲ್ಲಿ ಫೀಸೂ ಇಲ್ಲ. ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಆಗುವುದೂ ಇಲ್ಲ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಆಂಬುಲೆನ್ಸಿನೊಳಗೇ ಉಳಿದರು, ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ತಿಂಗಳ ಮದ್ದಿಗೆ ಮಂಗಳೂರನ್ನೇ ನಂಬಿದ್ದವರ ಪಾಡು ಆಗ ಯಾವ ಪೇಪರಿನಲ್ಲೂ ಬರಲಿಲ್ಲ ಎಂದೇ ಹೇಳಬೇಕು. ಮಂಗಳೂರಿನ ಚೀಟಿ ಇದ್ದರೂ ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಒಂದು ಒಪಿ ದಾಖಲೆ ಮಾಡಿಸಿಡುವುದು ಒಳ್ಳೆಯದು.

ಇನ್ನು ಭಾಷೆ. ಠಾಣೆಗೆ ಕನ್ನಡದಲ್ಲಿಯೇ ದೂರು ಕೊಡಬಹುದು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಕೋರ್ಟಿನಲ್ಲಿ ವಕೀಲರು ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿಸುತ್ತಾರೆ. ಇದು ಹೇಗೋ ನಡೆಯುತ್ತದೆ. ನಡೆಯದೆ ಇರುವುದು ತಪಾಸಣೆಯ ಕೋಣೆಯಲ್ಲಿ. ಪೈವಳಿಕೆಯ ಒಳಗಿನಿಂದ ಬಂದ ತುಳು ಮಾತಿನ ಹೆಂಗಸೊಬ್ಬರನ್ನು ಮೇಜಿನ ಎದುರು ಕೂರಿಸಿ, ಯುವ ಡಾಕ್ಟರರು ಮಲಯಾಳದಲ್ಲಿ ಕೇಳುತ್ತಾರೆ: ಇವತ್ತು ಯಾವ ವಾರ, ಇಲ್ಲಿಗೆ ಯಾಕೆ ಬಂದಿರಿ, ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಆಗುತ್ತದೆಯೇ. ಆ ಹೆಂಗಸಿಗೆ ಪೇಟೆಯ ಮಲಯಾಳ ಅರ್ಥವಾಗುತ್ತದೆ, ಮೀನಿನವನ ಜೊತೆ ಚೌಕಾಸಿಗೆ ಸಾಕಾಗುವಷ್ಟು. ಕೋಝಿಕ್ಕೋಡಿನ ವೇಗದ ಮಲಯಾಳ ಅವರಿಗೆ ಹಿಡಿತಕ್ಕೆ ಸಿಗುವುದಿಲ್ಲ. ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ಕೂತುಬಿಡುತ್ತಾರೆ. ಕೇಸ್ ಶೀಟಿನಲ್ಲಿ ಬೀಳುವುದು: ಪ್ರಶ್ನೆಗಳಿಗೆ ಸ್ಪಂದಿಸುತ್ತಿಲ್ಲ. ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆ ನಿಲ್ಲಲು, ಬಂದ ಮೈದುನ ಉತ್ತರ ಕೊಡುತ್ತಾನೆ. ಕೂಡಿಹಾಕಿದವನೂ ಅವನೇ ಆಗಿದ್ದರೆ?

ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟೇ ಸಮ್ಮತಿ ಪಡೆಯಬೇಕು, ನಿರ್ಧರಿಸುವ ಶಕ್ತಿ ಇದೆಯೇ ಎಂದು ನೋಡುವಾಗಲೂ ಹಾಗೆಯೇ ಎಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ಅರ್ಜಿಯಲ್ಲಿ ಒಂದು ಸಾಲು ಸೇರಿಸಬೇಕು: "ಇವರ ಮಾತು ತುಳು, ಮನೆಯವರಲ್ಲದ ದುಭಾಷಿಯ ನೆರವಿನಿಂದ ತಪಾಸಣೆ ನಡೆಸಲು ಆದೇಶಿಸಬೇಕು." ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾಲೀಗಲ್ ಸ್ವಯಂಸೇವಕರಲ್ಲಿ ತುಳು ಬಲ್ಲವರು ಸಿಗುತ್ತಾರೆ, ಮೊದಲೇ ಕೇಳಿಡಬೇಕು.

ಹನ್ನೊಂದನೇ ದಿನ

10 ದಿನ ಮುಗಿದ ಮೇಲೆ ಆಸ್ಪತ್ರೆಯವರು ಮ್ಯಾಜಿಸ್ಟ್ರೇಟರಿಗೆ ವರದಿ ಕೊಡುತ್ತಾರೆ. ಮುಂದೆ ಮೂರರಲ್ಲಿ ಒಂದು: ಆ ವ್ಯಕ್ತಿ ತಾನೇ ಒಪ್ಪಿ ಉಳಿಯುವುದು, ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಾತಿ ಮುಂದುವರಿಯುವುದು, ಅಥವಾ ಮನೆ. ಅಂದರೆ ಕೋರ್ಟಿನ ದಾರಿಯಲ್ಲಿ ಹೋದವರೂ ತಿರುಗಿ ಬಂದು ನಿಲ್ಲುವುದು ಆ ಸಂಬಂಧಿಕರ ಸಹಿಯ ಎದುರಿಗೇ. ಆದೇಶ ಕೈಗೆ ಸಿಕ್ಕಿದ ದಿನವೇ ಪ್ರತಿನಿಧಿ ಯಾರೆಂದು ತೀರ್ಮಾನಿಸಿ ಗುರುತು ಚೀಟಿ ಸಮೇತ ಆಸ್ಪತ್ರೆಯಲ್ಲಿ ಬರೆಸಿಡದಿದ್ದರೆ ಒಂಬತ್ತನೇ ದಿನ ಫೋನು ಬರುತ್ತದೆ, ದುಬೈಯಲ್ಲಿರುವ ಅಣ್ಣ ಎತ್ತುವುದಿಲ್ಲ. ಮನೆಯವರ ಮೇಲೆಯೇ ದೂರು ಇದ್ದ ಪ್ರಕರಣಗಳಲ್ಲಿ ಆ ಮನೆಯವರನ್ನು ಪ್ರತಿನಿಧಿ ಮಾಡಬಾರದೆಂದು ಬೋರ್ಡಿಗೆ ಬೇರೆ ಅರ್ಜಿ ಕೊಡಬೇಕು. ಆ ಅರ್ಜಿಯನ್ನು ಈ ಹತ್ತು ದಿನಗಳೊಳಗೇ ಕೊಟ್ಟಿರಬೇಕು.

ಬಿಡುಗಡೆಯ ಹೊತ್ತಿಗೆ ಮುಂದಿನ ಚಿಕಿತ್ಸೆಯ ಯೋಜನೆಯನ್ನು ಪ್ರತಿನಿಧಿಯ ಜೊತೆ, ಕಾಯಿಲೆಯವರ ಜೊತೆ ಕೂತು ಮಾಡಬೇಕು ಎಂದು 98ನೇ ಸೆಕ್ಷನ್ ಹೇಳುತ್ತದೆ. ಆಗ ಕೇಳಬೇಕಾದ ಪ್ರಶ್ನೆಗಳು ಸಾದಾ: ದಿನದ ಗುಳಿಗೆಯ ಬದಲು ತಿಂಗಳಿಗೊಮ್ಮೆಯ ಇಂಜೆಕ್ಷನ್ ಆಗುತ್ತದೆಯೇ, ಅದನ್ನು ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆಯೇ, ಮದ್ದು ಮುಗಿದರೆ ಎಲ್ಲಿ ಸಿಗುತ್ತದೆ, ನಿದ್ದೆ ಕೆಟ್ಟರೆ ಎಷ್ಟು ದಿನ ಕಾಯಬಹುದು.

ಕಾಯಿಲೆ ಇಳಿದು ಮನಸ್ಸು ತಿಳಿಯಾಗಿರುವ ತಿಂಗಳುಗಳಲ್ಲಿ ಮಾಡಿಡಬಹುದಾದ ಕೆಲಸ ಒಂದು ಉಂಟು. ಮುಂದೆ ಹೀಗಾದರೆ ತನ್ನ ಪರವಾಗಿ ಯಾರು ಸಹಿ ಹಾಕಬೇಕು ಎಂದು ಅವರೇ ಬರೆದುಕೊಡಬಹುದು. ಬಿಳಿ ಹಾಳೆ ಸಾಕು, ಸಹಿ ಅಥವಾ ಹೆಬ್ಬೆಟ್ಟು ಸಾಕು, ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ. ಯಾವ ಮದ್ದು ಹಿಡಿಸಲಿಲ್ಲ, ಯಾವ ಆಸ್ಪತ್ರೆ ಬೇಡ ಎಂಬುದಕ್ಕೆ ಬೇರೆಯಾಗಿ ಮುಂಗಡ ನಿರ್ದೇಶನ ಮಾಡಿಸಬಹುದು, ಅದಕ್ಕೆ ನಿಗದಿತ ನಮೂನೆ ಇದೆ. ಅಣ್ಣನ ಹೆಸರು ಬರೆಯುತ್ತಾರೆಂದು ಮನೆಯವರು ಕಾದಿದ್ದರೆ, ಅವರು ಬರೆಯುವುದು ಪಾಲಿಯೇಟಿವ್ ನರ್ಸಿನ ಹೆಸರಾಗಿರಬಹುದು. ನರ್ಸ್ ಒಪ್ಪಿ ಬರೆದುಕೊಟ್ಟರೆ ಆ ಹಾಳೆಗೂ ಅಷ್ಟೇ ಬೆಲೆ.